ಎಚ್ಚರದ ರಸಾಯನ: ಉತ್ತೇಜಕಗಳು ಮಿದುಳಿನಲ್ಲಿ ಮಾಡುವ ಕೆಲಸ

ತಿಂಗಳು ತುಂಬುವ ಎಷ್ಟೋ ಮೊದಲೇ ಹುಟ್ಟಿದ ಶಿಶುವಿಗೆ ಉಸಿರಾಟದ ಲಯ ಇನ್ನೂ ಕೂಡಿಬಂದಿರುವುದಿಲ್ಲ. ಮಲಗಿದ್ದಂತೆಯೇ ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತುಬಿಡುತ್ತದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದಕ್ಕೆ ಕೊಡುವ ಮದ್ದು ಕೆಫೀನ್ ಸಿಟ್ರೇಟ್. ನಾವು ಬೆಳಿಗ್ಗೆ ಕುಡಿಯುವ ಕಾಫಿಯಲ್ಲಿರುವ ಕೆಫೀನೇ ಅದು. ಮಿದುಳುಕಾಂಡದಲ್ಲಿರುವ ಉಸಿರಾಟದ ಕೇಂದ್ರವನ್ನು ಅದು ಎಚ್ಚರಿಸುತ್ತದೆ. ಸುಮಾರು 2,000 ಶಿಶುಗಳ ಮೇಲೆ ಹಲವು ದೇಶಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂತು. ಕೆಫೀನ್ ಪಡೆದ ಶಿಶುಗಳಲ್ಲಿ ಶ್ವಾಸಕೋಶದ ದೀರ್ಘಕಾಲದ ತೊಂದರೆ ಕಡಿಮೆಯಿತ್ತು. ಮರುವರ್ಷದ ವರದಿಯಲ್ಲಿ ಸೆರೆಬ್ರಲ್ ಪಾಲ್ಸಿಯ ಪ್ರಮಾಣವೂ ಇಳಿದದ್ದು ಕಂಡಿತು.

ಇದೇ ಉತ್ತೇಜಕಗಳ ಗುಂಪಿನಲ್ಲಿ ಮೆಥಾಂಫೆಟಮಿನ್ ಇದೆ, ಕೊಕೇನ್ ಇದೆ, ಲಕ್ಷಾಂತರ ಬದುಕುಗಳನ್ನು ಹಾಳುಮಾಡಿದ ಚರಿತ್ರೆಯೂ ಇದೆ. ನಡುವೆ ಗಮನದ ತೊಂದರೆಯಿರುವ ಮಕ್ಕಳಿಗೆ ವೈದ್ಯರು ಬರೆದುಕೊಡುವ ಮೆಥೈಲ್‌ಫೆನಿಡೇಟ್ ಮಾತ್ರೆ ಇದೆ. ಜೀವ ಉಳಿಸುವ ಮದ್ದೂ ಜೀವ ತೆಗೆಯುವ ಮಾದಕವೂ ಒಂದೇ ಹೆಸರಿನಡಿ ಹೇಗೆ ಬಂದವು? ಅವುಗಳ ಕೆಲಸದ ಬಗೆಯನ್ನು ಒಂದೊಂದಾಗಿ ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ಈ ಪದಾರ್ಥಗಳಲ್ಲಿ ಯಾವುದೂ ಮಿದುಳಿಗೆ ಹೊಸ ಶಕ್ತಿಯನ್ನು ತಂದುಕೊಡುವುದಿಲ್ಲ. ಮಿದುಳಿನಲ್ಲಿ ಈಗಾಗಲೇ ಓಡಾಡುತ್ತಿರುವ ಸಂದೇಶಗಳಲ್ಲಿ ಕೆಲವನ್ನು ಅವು ತಡೆಯುತ್ತವೆ, ಕೆಲವನ್ನು ಹೆಚ್ಚಿಸುತ್ತವೆ. ಯಾವ ಸಂದೇಶ, ಎಷ್ಟು ವೇಗವಾಗಿ, ಯಾರ ಮಿದುಳಿನಲ್ಲಿ ಎಂಬ ಮೂರು ಸಂಗತಿಗಳೇ ಮದ್ದು ಮತ್ತು ವಿಷದ ನಡುವಿನ ಗೆರೆಯನ್ನು ಎಳೆಯುತ್ತವೆ.

ದಣಿವಿನ ಸಂದೇಶಕ್ಕೆ ತಡೆ

ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಳಸುವ ಉತ್ತೇಜಕ ಕೆಫೀನ್. ಜರ್ಮನಿಯ ಫ್ರೀಡ್ಲೀಬ್ ಫರ್ಡಿನಾಂಡ್ ರುಂಗೆ ಎಂಬ ಯುವ ರಸಾಯನತಜ್ಞ 1819ರಲ್ಲಿ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದ. ಬೀಜಗಳನ್ನು ಅವನ ಕೈಗಿತ್ತು ಪರೀಕ್ಷಿಸಲು ಹೇಳಿದವನು ಕವಿ ಗಯಟೆ. ಆದರೆ ಕೆಫೀನ್ ನಿದ್ದೆಯನ್ನು ಹೇಗೆ ದೂರ ಇಡುತ್ತದೆ ಎಂಬುದು ಬಗೆಹರಿದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ.

ನರಕೋಶಗಳು ಕೆಲಸ ಮಾಡುವಾಗ ಎಟಿಪಿ ಎಂಬ ಇಂಧನವನ್ನು ಖರ್ಚು ಮಾಡುತ್ತವೆ. ಅದು ಒಡೆಯುತ್ತಾ ಹೋದಂತೆ ಅಡೆನೊಸಿನ್ ಎಂಬ ಅಣು ಉಳಿಯುತ್ತದೆ. ಎಚ್ಚರವಾಗಿದ್ದಷ್ಟೂ ಹೊತ್ತು ಇದು ಮಿದುಳಿನ ಕೆಲವು ಭಾಗಗಳಲ್ಲಿ ಶೇಖರವಾಗುತ್ತದೆ. ಬೆಕ್ಕುಗಳನ್ನು ನಿದ್ದೆಗೆಡಿಸಿ ಮಾಡಿದ, 1997ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ನೇರವಾಗಿ ಅಳೆದು ತೋರಿಸಿತು. ಅಡೆನೊಸಿನ್ ತನ್ನ ಗ್ರಾಹಕಗಳಿಗೆ, ಅಂದರೆ ನರಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನ್‌ಗಳಿಗೆ, ಅಂಟಿಕೊಂಡಾಗ ನರಕೋಶಗಳ ಚಟುವಟಿಕೆ ತಗ್ಗುತ್ತದೆ, ಕಣ್ಣೆವೆ ಭಾರವಾಗುತ್ತದೆ. ಕೆಫೀನ್ ಅಣುವಿನ ಆಕಾರ ಅಡೆನೊಸಿನ್‌ಗೆ ಹತ್ತಿರವಾದದ್ದು. ಅದು ಹೋಗಿ ಅದೇ ಗ್ರಾಹಕಗಳಲ್ಲಿ ಕೂರುತ್ತದೆ, ಆದರೆ ಅವನ್ನು ಚಾಲೂ ಮಾಡುವುದಿಲ್ಲ. ಅಡೆನೊಸಿನ್‌ಗೆ ಜಾಗ ಸಿಗುವುದಿಲ್ಲ, ದಣಿವಿನ ಸಂದೇಶ ತಲುಪುವುದಿಲ್ಲ. ಈ ಗ್ರಾಹಕಗಳಲ್ಲಿ ಎ2ಎ ಎಂಬ ಬಗೆ ಮುಖ್ಯವಾದದ್ದು. ಅದಿಲ್ಲದಂತೆ ಬೆಳೆಸಿದ ಇಲಿಗಳಿಗೆ ಕೆಫೀನ್ ಕೊಟ್ಟರೂ ಅವುಗಳ ನಿದ್ದೆ ಹಾರಲಿಲ್ಲ ಎಂದು 2005ರ ಅಧ್ಯಯನವೊಂದು ತೋರಿಸಿತು.

ದಣಿವಿನ ಸಂದೇಶ ನಿಂತಿತೆಂದರೆ ದಣಿವು ಹೋಯಿತೆಂದಲ್ಲ. ಅಡೆನೊಸಿನ್ ಶೇಖರವಾಗುತ್ತಲೇ ಇರುತ್ತದೆ. ಕೆಫೀನ್ ಜಾಗ ಬಿಟ್ಟೊಡನೆ ಅದೆಲ್ಲವೂ ಒಮ್ಮೆಲೇ ಗ್ರಾಹಕಗಳನ್ನು ಮುತ್ತುತ್ತದೆ. ವಯಸ್ಕರಲ್ಲಿ ದೇಹದೊಳಗಿನ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ತಾಸು ಬೇಕು. ಸಂಜೆ ನಾಲ್ಕಕ್ಕೆ ಕುಡಿದ ಕಾಫಿಯ ಅರ್ಧಪಾಲು ರಾತ್ರಿ ಒಂಬತ್ತಕ್ಕೂ ರಕ್ತದಲ್ಲಿರುತ್ತದೆ. ಮಲಗುವ ಆರು ತಾಸು ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ತಾಸಿಗೂ ಹೆಚ್ಚು ಕಡಿಮೆಯಾದದ್ದು 2013ರ ಅಧ್ಯಯನದಲ್ಲಿ ಕಂಡಿದೆ. ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವದ ಚುರುಕು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಬೀಡಿ ಸಿಗರೇಟು ಸೇದುವವರಲ್ಲಿ ಅದು ಬೇಗ ಕರಗುತ್ತದೆ. ಗರ್ಭಿಣಿಯರಲ್ಲಿ ಬಹಳ ನಿಧಾನ. ನವಜಾತ ಶಿಶುವಿನಲ್ಲಂತೂ ಅರ್ಧಕ್ಕಿಳಿಯಲು ಮೂರು ನಾಲ್ಕು ದಿನವೇ ಹಿಡಿಯುತ್ತದೆ; ಆದ್ದರಿಂದಲೇ ಶಿಶುವಿಗೆ ದಿನಕ್ಕೊಂದು ಡೋಸು ಸಾಕು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಎಂಬ ಮಿತಿ ಹೇಳಿದೆ.

ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟಿದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹೀಗಾಗಿ ನಮ್ಮ ಮನೆಗಳ ಡಿಕಾಕ್ಷನ್ನಿನಲ್ಲಿ ಕೆಫೀನ್ ಎಷ್ಟೆಂಬುದು ಬೀಜದ ಜಾತಿ ಮತ್ತು ಚಿಕೋರಿಯ ಬೆರಕೆಯ ಮೇಲೆ ನಿಂತಿದೆ. ದಿನವೂ ಕುಡಿಯುವವರ ಮಿದುಳು ಅಡೆನೊಸಿನ್ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ಇದಕ್ಕೆ ಹೊಂದಿಕೊಳ್ಳುತ್ತದೆ. ಉಪವಾಸದ ದಿನ ಕಾಫಿ ತಪ್ಪಿದರೆ ತಲೆ ಸಿಡಿಯುವುದು ಈ ಹೊಂದಿಕೆಯಿಂದಲೇ. ನಿಲ್ಲಿಸಿದ 12ರಿಂದ 24 ತಾಸಿನೊಳಗೆ ತಲೆನೋವು ಶುರುವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಡೋಪಮಿನ್ ಹಾದಿ

ಕೆಫೀನ್ ಒಂದು ತಡೆಯನ್ನು ತೆಗೆಯುತ್ತದೆ. ಆಂಫೆಟಮಿನ್, ಮೆಥೈಲ್‌ಫೆನಿಡೇಟ್ ಮತ್ತು ಕೊಕೇನ್‌ಗಳು ಚುರುಕಿನ ಸಂದೇಶವನ್ನೇ ಹೆಚ್ಚಿಸುತ್ತವೆ. ಇದನ್ನು ತಿಳಿಯಲು ಎರಡು ನರಕೋಶಗಳು ಸಂಧಿಸುವ ಜಾಗವನ್ನು ನೋಡಬೇಕು. ಅಲ್ಲಿ ಕೋಶಗಳು ಒಂದಕ್ಕೊಂದು ತಾಗಿರುವುದಿಲ್ಲ, ಸಣ್ಣ ತೆರಪಿರುತ್ತದೆ. ಮೊದಲ ಕೋಶ ಪುಟ್ಟ ಕೋಶಿಕೆಗಳಲ್ಲಿ ತುಂಬಿಟ್ಟ ನರವಾಹಕವನ್ನು ಆ ತೆರಪಿಗೆ ಬಿಡುತ್ತದೆ, ಎರಡನೆಯ ಕೋಶದ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಕೆಲಸ ಮುಗಿದ ನರವಾಹಕವನ್ನು ಮೊದಲ ಕೋಶವೇ ತನ್ನ ಸಾಗಣೆ ಪ್ರೋಟೀನ್‌ಗಳ ಮೂಲಕ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ನರವಾಹಕಗಳು ಎಚ್ಚರ, ಗಮನ, ಪ್ರೇರಣೆ, ಚಲನೆಗಳನ್ನು ನಡೆಸುತ್ತವೆ. ಡೋಪಮಿನ್ ತಾನೇ ಒಂದು ನರವಾಹಕವೆಂದು ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ತೋರಿಸಿದರು. ಅವರಿಗೆ 2000ದಲ್ಲಿ ನೊಬೆಲ್ ಬಂತು.

ಮೆಥೈಲ್‌ಫೆನಿಡೇಟ್ ಮತ್ತು ಕೊಕೇನ್ ಹಿಂದಕ್ಕೆಳೆಯುವ ಪ್ರೋಟೀನನ್ನು ಮುಚ್ಚುತ್ತವೆ. ಗದ್ದೆಯಿಂದ ನೀರು ಹೊರಹೋಗುವ ಕಂಡಿಯನ್ನು ಕಟ್ಟಿದಂತೆ: ಹೊಸ ನೀರು ಬಿಡದಿದ್ದರೂ ಇದ್ದದ್ದೇ ಹೆಚ್ಚು ಹೊತ್ತು ನಿಲ್ಲುತ್ತದೆ. ಆಂಫೆಟಮಿನ್ ಇನ್ನೂ ಮುಂದಕ್ಕೆ ಹೋಗುತ್ತದೆ. ಅದು ಅದೇ ಪ್ರೋಟೀನ್ ಮೂಲಕ ಕೋಶದ ಒಳಹೊಕ್ಕು, ಕೋಶಿಕೆಗಳಲ್ಲಿ ಭದ್ರವಾಗಿದ್ದ ಡೋಪಮಿನ್ ಹೊರಚೆಲ್ಲುವಂತೆ ಮಾಡುತ್ತದೆ, ಬಳಿಕ ಸಾಗಣೆಯ ದಿಕ್ಕನ್ನೇ ತಿರುಗಿಸುತ್ತದೆ. ಒಳಕ್ಕೆ ಎಳೆಯಬೇಕಾದ ಪ್ರೋಟೀನ್ ಡೋಪಮಿನ್ ಅನ್ನು ಹೊರಕ್ಕೆ ತಳ್ಳತೊಡಗುತ್ತದೆ. ಕೋಶ ತನ್ನ ಸ್ವಂತ ಸಂದೇಶ ಕಳಿಸಲಿ ಬಿಡಲಿ, ತೆರಪಿನಲ್ಲಿ ಡೋಪಮಿನ್ ತುಂಬುತ್ತದೆ. ಮೆಥಾಂಫೆಟಮಿನ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಮಿದುಳಿಗೆ ಇನ್ನೂ ಬೇಗ ನುಗ್ಗುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಅದು ಡೋಪಮಿನ್ ನರತುದಿಗಳಿಗೇ ಹಾನಿ ಮಾಡುತ್ತದೆ.

ಈ ಸಾಗಣೆ ಪ್ರೋಟೀನ್ ಎಷ್ಟು ಮುಖ್ಯವೆಂಬುದಕ್ಕೆ 1996ರಲ್ಲಿ ಗಟ್ಟಿ ಪುರಾವೆ ಸಿಕ್ಕಿತು. ಮಾರ್ಕ್ ಕ್ಯಾರನ್ ಮತ್ತು ಸಂಗಡಿಗರು ಡೋಪಮಿನ್ ಸಾಗಣೆ ಪ್ರೋಟೀನ್ ಇಲ್ಲದ ಇಲಿಗಳನ್ನು ಬೆಳೆಸಿದರು. ಅವು ಹುಟ್ಟಿನಿಂದಲೇ ವಿಪರೀತ ಓಡಾಡುತ್ತಿದ್ದವು. ಕೊಕೇನ್ ಕೊಟ್ಟರೂ ಆಂಫೆಟಮಿನ್ ಕೊಟ್ಟರೂ ಅವುಗಳ ಓಡಾಟ ಹೆಚ್ಚಲಿಲ್ಲ. ಮದ್ದಿಗೆ ಹಿಡಿಯಲು ಬೇಕಾದ ಪ್ರೋಟೀನೇ ಅಲ್ಲಿರಲಿಲ್ಲ.

ವೇಗದಿಂದ ಹುಟ್ಟುವ ಚಟ

ಮೆಥೈಲ್‌ಫೆನಿಡೇಟ್ ಮತ್ತು ಕೊಕೇನ್ ಒಂದೇ ಪ್ರೋಟೀನನ್ನು ಮುಚ್ಚುವುದಾದರೆ ಒಂದು ಮಕ್ಕಳ ಮದ್ದು, ಇನ್ನೊಂದು ನಿಷಿದ್ಧ ಮಾದಕ ಏಕೆ? ಅಮೆರಿಕದ ನೋರಾ ವೋಲ್ಕೋವ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಮಿದುಳಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಬಳಸಿ ಇದಕ್ಕೆ ಉತ್ತರ ಹುಡುಕಿದರು. ನರಕ್ಕೆ ಚುಚ್ಚಿದ ಕೊಕೇನ್ ಕೆಲವೇ ನಿಮಿಷಗಳಲ್ಲಿ ಮಿದುಳಿನಲ್ಲಿ ಗರಿಷ್ಠ ಮಟ್ಟ ಮುಟ್ಟಿ ಬೇಗನೆ ಇಳಿಯುತ್ತದೆ. ಮಾತ್ರೆಯಾಗಿ ನುಂಗಿದ ಮೆಥೈಲ್‌ಫೆನಿಡೇಟ್ ಅರ್ಧಕ್ಕೂ ಹೆಚ್ಚು ಸಾಗಣೆ ಪ್ರೋಟೀನ್‌ಗಳನ್ನು ಮುಚ್ಚುತ್ತದಾದರೂ ಅಲ್ಲಿಗೆ ತಲುಪಲು ಒಂದು ತಾಸಿಗೂ ಹೆಚ್ಚು ಹೊತ್ತು ಬೇಕು. ಡೋಪಮಿನ್ ಹಠಾತ್ತನೆ ಏರಿದಾಗ ಮಿದುಳಿನ ಸುಖಕೇಂದ್ರ ಅದನ್ನು ಬಹುದೊಡ್ಡ ಬಹುಮಾನವೆಂದು ದಾಖಲಿಸಿಕೊಳ್ಳುತ್ತದೆ, ಮತ್ತೆ ಬೇಕೆನ್ನುತ್ತದೆ. ನಿಧಾನವಾಗಿ ಏರಿದರೆ ಆ ಅಮಲು ಹುಟ್ಟುವುದಿಲ್ಲ. ಅದೇ ಮಾತ್ರೆಯನ್ನು ಪುಡಿಮಾಡಿ ಮೂಗಿಗೆ ಎಳೆದರೆ ಅಥವಾ ಚುಚ್ಚಿಕೊಂಡರೆ ಅದೂ ಚಟದ ಪದಾರ್ಥವೇ ಆಗುತ್ತದೆ. ಸಿಗರೇಟಿನ ನಿಕೋಟಿನ್ ಇಷ್ಟು ಬಿಗಿಯಾಗಿ ಹಿಡಿಯುವುದಕ್ಕೂ ವೇಗವೇ ಕಾರಣ: ಎಳೆದ ಹೊಗೆಯ ನಿಕೋಟಿನ್ ಮಿದುಳು ಸೇರಲು ಹತ್ತಿಪ್ಪತ್ತು ಸೆಕೆಂಡು ಸಾಕು.

ಈ ತಿಳಿವಳಿಕೆ ಬರುವ ಮೊದಲೇ ಜಗತ್ತು ದೊಡ್ಡ ಬೆಲೆ ತೆತ್ತಿತ್ತು. ಆಂಫೆಟಮಿನ್ ಅನ್ನು ರುಮೇನಿಯದ ಲಜಾರ್ ಎಡೆಲೆಯಾನು 1887ರಲ್ಲಿ ಬರ್ಲಿನ್ನಿನಲ್ಲಿ ತಯಾರಿಸಿದರೂ ಅದರ ಉಪಯೋಗ ಯಾರಿಗೂ ತಿಳಿದಿರಲಿಲ್ಲ. ಜಪಾನಿನ ನಾಗಾಯಿ ನಾಗಯೋಶಿ 1893ರಲ್ಲಿ ಮೆಥಾಂಫೆಟಮಿನ್ ತಯಾರಿಸಿದರು. 1930ರ ದಶಕದಲ್ಲಿ ಅಮೆರಿಕದಲ್ಲಿ ಆಂಫೆಟಮಿನ್ ಮೂಗು ಕಟ್ಟಿದ್ದಕ್ಕೆ ಸೇದುವ ಬೆಂಜೆಡ್ರಿನ್ ಇನ್‌ಹೇಲರ್ ಆಗಿ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಪಡೆಗಳಿಗೆ ಪರ್ವಿಟಿನ್ ಹೆಸರಿನ ಮೆಥಾಂಫೆಟಮಿನ್ ಹಂಚಿದರು. 1940ರ ಕೆಲವೇ ತಿಂಗಳಲ್ಲಿ ಹೋದದ್ದು ಸುಮಾರು 3.5 ಕೋಟಿ ಮಾತ್ರೆ. ದಿನಗಟ್ಟಲೆ ನಿದ್ದೆಯಿಲ್ಲದೆ ನಡೆದ ಸೈನಿಕರು ಬಳಿಕ ಕುಸಿದುಬಿದ್ದರು. ಅದರ ಅಪಾಯ ಮನಗಂಡ ಜರ್ಮನಿಯೇ 1941ರಲ್ಲಿ ಅದನ್ನು ಅಫೀಮು ಕಾನೂನಿನಡಿ ತಂದಿತು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಉಳಿದ ದಾಸ್ತಾನು ಜನರ ಕೈಸೇರಿ ಚಟ ಹಬ್ಬಿದ್ದರಿಂದ 1951ರಲ್ಲಿ ಅಲ್ಲಿ ಕಠಿಣ ಕಾಯಿದೆ ಬಂತು. ಹೆಚ್ಚು ಆಂಫೆಟಮಿನ್ ಸೇವಿಸಿದವರಲ್ಲಿ ಸಂಶಯದ ಭ್ರಮೆ ತುಂಬಿದ ಉನ್ಮಾದ ಹುಟ್ಟುತ್ತದೆಂದು ಬ್ರಿಟನ್ನಿನ ಫಿಲಿಪ್ ಕಾನೆಲ್ 1958ರಲ್ಲಿ ವಿವರವಾಗಿ ದಾಖಲಿಸಿದರು. ಸೈಕಲ್ ಪಟು ಟಾಮ್ ಸಿಂಪ್ಸನ್ 1967ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮಾಂ ವಾಂಟು ಬೆಟ್ಟ ಹತ್ತುವಾಗ ಸತ್ತರು, ಅವರ ದೇಹದಲ್ಲಿ ಆಂಫೆಟಮಿನ್ ಇತ್ತು. ಸುಡುಬಿಸಿಲಿನಲ್ಲಿ ದೇಹ ನಿಲ್ಲು ಎಂದು ಹೇಳುವ ಸಂದೇಶವನ್ನು ಮದ್ದು ಮುಚ್ಚಿಹಾಕಿದರೆ ಏನಾಗುತ್ತದೆಂಬುದಕ್ಕೆ ಆ ಸಾವು ಸಾಕ್ಷಿ.

ಚಂಚಲ ಮಗುವಿಗೆ ಉತ್ತೇಜಕವೇ?

ಒಂದೆಡೆ ನಿಲ್ಲದ, ಕೂರದ ಮಗುವಿಗೆ ಉತ್ತೇಜಕ ಕೊಡುವುದೆಂದರೆ ಯಾವ ತಂದೆತಾಯಿಗೂ ದಿಗಿಲಾಗುವ ಮಾತು. ಇದರ ಆರಂಭ 1937ರಲ್ಲಿ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ನಡವಳಿಕೆಯ ತೊಂದರೆಯಿದ್ದ ಮಕ್ಕಳ ಆಸ್ಪತ್ರೆ ನಡೆಸುತ್ತಿದ್ದ ಚಾರ್ಲ್ಸ್ ಬ್ರ್ಯಾಡ್ಲಿ, 30 ಮಕ್ಕಳಿಗೆ ಬೆಂಜೆಡ್ರಿನ್ ಕೊಟ್ಟು ಪರಿಣಾಮವನ್ನು ವರದಿ ಮಾಡಿದರು. ಅವರಲ್ಲಿ 14 ಮಕ್ಕಳ ಓದು ಬರಹ ಗಮನಾರ್ಹವಾಗಿ ಸುಧಾರಿಸಿತ್ತು, ಹಲವರು ಶಾಂತರಾಗಿದ್ದರು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಜಾನ್ 1944ರಲ್ಲಿ ತಯಾರಿಸಿದ ಮೆಥೈಲ್‌ಫೆನಿಡೇಟ್ ಮುಂದೆ ಈ ಚಿಕಿತ್ಸೆಯ ಮುಖ್ಯ ಮದ್ದಾಯಿತು.

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಇರುವ ಮಕ್ಕಳಲ್ಲಿ ಮಾತ್ರ ಉತ್ತೇಜಕ ತಿರುವುಮುರುವಾಗಿ ಕೆಲಸ ಮಾಡುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಜುಡಿತ್ ರಾಪೊಪೋರ್ಟ್ ಅವರ ತಂಡ 1978ರಲ್ಲಿ ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಒಂದು ಡೋಸು ಆಂಫೆಟಮಿನ್ ಕೊಟ್ಟು ನೋಡಿತು. ಅವರ ಚಡಪಡಿಕೆಯೂ ಇಳಿಯಿತು, ಗಮನವೂ ಹೆಚ್ಚಿತು. ಆದ್ದರಿಂದ ಮದ್ದು ಕೆಲಸ ಮಾಡಿತೆಂಬುದನ್ನೇ ರೋಗಕ್ಕೆ ಪುರಾವೆಯಾಗಿ ತೆಗೆದುಕೊಳ್ಳುವಂತಿಲ್ಲ. ಇಂದಿಗೂ ಮರೆಯಬಾರದ ಪಾಠವಿದು.

ಶಾಂತಿ ಬರುವ ಬಗೆಯನ್ನು ಹಣೆಯ ಹಿಂದಿರುವ ಮಿದುಳಿನ ಮುಂಭಾಗದಲ್ಲಿ ಹುಡುಕಬೇಕು. ಮಾಡುವ ಕೆಲಸವನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಬೇರೆ ಸೆಳೆತಗಳನ್ನು ತಳ್ಳಿಹಾಕುವುದು, ಕೈಕಾಲಿನ ಆತುರವನ್ನು ತಡೆಯುವುದು ಈ ಭಾಗದ ಕೆಲಸ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಮತ್ತಿತರರ ಸಂಶೋಧನೆಗಳ ಪ್ರಕಾರ, ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಹದವಾಗಿದ್ದಾಗ ಮಾತ್ರ ಅದು ಚೆನ್ನಾಗಿ ನಡೆಯುತ್ತದೆ. ಕಡಿಮೆಯಾದರೆ ಮನಸ್ಸು ಅಲೆಯುತ್ತದೆ. ಭಯದಲ್ಲಿ ಆಗುವಂತೆ ವಿಪರೀತ ಏರಿದರೆ ಹಿಡಿತವೇ ತಪ್ಪುತ್ತದೆ. ಚಿಕಿತ್ಸೆಯ ಸಣ್ಣ ಡೋಸು ಮುಂಭಾಗವನ್ನು ಆ ಹದಕ್ಕೆ ತರುತ್ತದೆ. ತಡೆಯುವ ಶಕ್ತಿ ಬಲಗೊಂಡಾಗ ಮಗು ಶಾಂತವಾಗಿ ಕಾಣುತ್ತದೆ. ಡೋಸು ಮಿತಿ ಮೀರಿದರೆ ಇದೇ ಮದ್ದು ಗಮನವನ್ನು ಕೆಡಿಸುತ್ತದೆ.

ಫಲ ನಿಜವಾದದ್ದು. ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಗಮನಿಸಿದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಾಗ್ರತೆಯಿಂದ ಡೋಸು ಹೊಂದಿಸಿ ಕೊಟ್ಟ ಮದ್ದು ಎಡಿಎಚ್‌ಡಿಯ ಮುಖ್ಯ ಲಕ್ಷಣಗಳನ್ನು ಇಳಿಸುವುದರಲ್ಲಿ ಬರೀ ನಡವಳಿಕೆ ಚಿಕಿತ್ಸೆಗಿಂತ ಮೇಲಾಗಿತ್ತು. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ, ಅಲ್ಪಾವಧಿಗೆ ಮಕ್ಕಳಿಗೆ ಮೆಥೈಲ್‌ಫೆನಿಡೇಟ್ ಮೊದಲ ಆಯ್ಕೆಯಾಗಬೇಕೆಂದು ಹೇಳಿತು. ಆದರೆ ಮದ್ದಿಗೂ ಮೊದಲು ರೋಗನಿರ್ಣಯ ಗಟ್ಟಿಯಾಗಿರಬೇಕು: ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಆರು ತಿಂಗಳಾದರೂ ಇದ್ದಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ಒಬ್ಬ ಶಿಕ್ಷಕರ ದೂರಿನಿಂದಲೇ ಮಾತ್ರೆ ಶುರುವಾಗಬಾರದು.

ಬುದ್ಧಿ ಹೆಚ್ಚಿಸುವ ಮಾತ್ರೆ ಉಂಟೆ?

ಸ್ಪರ್ಧಾತ್ಮಕ ಪರೀಕ್ಷೆಗಳ ಒತ್ತಡದಲ್ಲಿ ಆರೋಗ್ಯವಂತ ವಿದ್ಯಾರ್ಥಿಗಳೂ ಇಂಥ ಮಾತ್ರೆಗಳತ್ತ ಕೈಚಾಚುವ ಅಪಾಯ ಜಗತ್ತಿನೆಲ್ಲೆಡೆ ಇದೆ. ಅವರಿಗೆ ಹೇಳಬೇಕಾದ ಸಂಶೋಧನೆಯೊಂದು 2023ರಲ್ಲಿ ಪ್ರಕಟವಾಯಿತು. 40 ಆರೋಗ್ಯವಂತ ಯುವಜನರಿಗೆ ಬೇರೆ ಬೇರೆ ದಿನ ಮೆಥೈಲ್‌ಫೆನಿಡೇಟ್, ಆಂಫೆಟಮಿನ್, ಮೊಡಾಫಿನಿಲ್ ಮತ್ತು ಮದ್ದಿಲ್ಲದ ಹುಸಿಮಾತ್ರೆ ಕೊಟ್ಟರು. ಮಿತ ತೂಕದ ಚೀಲದಲ್ಲಿ ಅತಿ ಹೆಚ್ಚು ಬೆಲೆಯ ವಸ್ತುಗಳನ್ನು ಆರಿಸಿ ತುಂಬುವ ಕಠಿಣ ಲೆಕ್ಕ ಅವರ ಮುಂದಿತ್ತು. ಮದ್ದು ತೆಗೆದುಕೊಂಡಾಗ ಅವರು ಹೆಚ್ಚು ಹೊತ್ತು ಕೂತರು, ಹೆಚ್ಚು ಪ್ರಯತ್ನಪಟ್ಟರು, ಆದರೆ ಪ್ರಯತ್ನದ ಗುಣಮಟ್ಟ ಇಳಿಯಿತು. ಹುಸಿಮಾತ್ರೆಯಲ್ಲಿ ಚೆನ್ನಾಗಿ ಮಾಡಿದ್ದವರೇ ಮದ್ದಿನಡಿ ಸರಾಸರಿಗಿಂತ ಕೆಳಗಿಳಿದರು. ಉತ್ತೇಜಕ ಹುರುಪು ಕೊಡುತ್ತದೆ, ಆ ಹುರುಪನ್ನು ಬುದ್ಧಿಯೆಂದು ಭ್ರಮಿಸುವುದು ಸುಲಭ. ಮೊಡಾಫಿನಿಲ್ ಹಗಲಿನಲ್ಲೇ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ರೋಗಿಗಳಿಗೆ ವರವಾದ ಮದ್ದು. ನಿದ್ದೆಗೆಟ್ಟು ಓದುವವರಿಗಾಗಿ ಅದು ಬಂದದ್ದಲ್ಲ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆಯೇ ಬೇಕು.

ಎಲೆ, ಅಡಿಕೆ, ಕಾಸರಕ

ನಮ್ಮ ನಾಡಿನ ಹಳೆಯ ಉತ್ತೇಜಕಗಳೂ ಇದೇ ತತ್ತ್ವಕ್ಕೆ ಒಳಪಟ್ಟವು. ಹೊಗೆಸೊಪ್ಪಿನ ನಿಕೋಟಿನ್ ಮತ್ತು ಅಡಿಕೆಯ ಅರೆಕೊಲಿನ್ ಎರಡೂ ಅಸಿಟೈಲ್‌ಕೋಲಿನ್ ಎಂಬ ನರವಾಹಕದಂತೆ ನಟಿಸಿ ಅದರ ಗ್ರಾಹಕಗಳನ್ನು ಚಾಲೂ ಮಾಡುತ್ತವೆ. ಅಡಿಕೆ ಬೆಳೆಯುವುದರಲ್ಲಿ ಕರ್ನಾಟಕವೇ ದೇಶದಲ್ಲಿ ಮುಂದು, ಸಾವಿರಾರು ಕುಟುಂಬಗಳ ಬದುಕು ಅದರ ಮೇಲಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲಿ ಹೊಗೆಸೊಪ್ಪು ಬೆರೆಯದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ ಎಂಬುದನ್ನು ಬಚ್ಚಿಡಬಾರದು.

ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ಅದು ನರಗಳನ್ನು ಹಿಡಿತದಲ್ಲಿಡುವ ಗ್ಲೈಸಿನ್ ಸಂದೇಶವನ್ನೇ ಕತ್ತರಿಸುವುದರಿಂದ ಸ್ನಾಯುಗಳು ಸೆಟೆದು, ಉಸಿರುಕಟ್ಟಿ ಸಾವು ಬರುತ್ತದೆ. 1904ರ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಗೆದ್ದ ಥಾಮಸ್ ಹಿಕ್ಸ್‌ಗೆ ಓಟದ ನಡುವೆ ಇದನ್ನೇ ಬ್ರಾಂಡಿಯೊಂದಿಗೆ ಕೊಟ್ಟಿದ್ದರು. ಗುರಿ ಮುಟ್ಟಿದೊಡನೆ ಆತ ಕುಸಿದರು.

ದೇಹದ ಪಾಲಿಗೆ

ನಾರ್‌ಅಡ್ರಿನಲಿನ್ ಮಿದುಳಿನಲ್ಲಿ ಮಾತ್ರ ಇಲ್ಲ, ಹೃದಯ ರಕ್ತನಾಳಗಳಲ್ಲೂ ಕೆಲಸ ಮಾಡುತ್ತದೆ. ಆದ್ದರಿಂದ ಉತ್ತೇಜಕ ತೆಗೆದುಕೊಂಡವರ ನಾಡಿ ಮತ್ತು ರಕ್ತದೊತ್ತಡ ಏರುತ್ತವೆ, ಹಸಿವು ಇಂಗುತ್ತದೆ, ನಿದ್ದೆ ಕೆಡುತ್ತದೆ. ಚಿಕಿತ್ಸೆಯ ಡೋಸಿನಲ್ಲಿ ಈ ಏರಿಕೆ ಸಾಮಾನ್ಯವಾಗಿ ಅಲ್ಪ. ಸುಮಾರು 12 ಲಕ್ಷ ಮಕ್ಕಳು ಮತ್ತು ಯುವಜನರ ದಾಖಲೆಗಳನ್ನು ಪರಿಶೀಲಿಸಿದ 2011ರ ಅಮೆರಿಕನ್ ಅಧ್ಯಯನ, ಎಡಿಎಚ್‌ಡಿ ಮದ್ದುಗಳಿಂದ ಹೃದಯ ಮತ್ತು ರಕ್ತನಾಳಗಳ ಗಂಭೀರ ತೊಂದರೆಗಳು ಹೆಚ್ಚಿದ್ದಕ್ಕೆ ಪುರಾವೆ ಕಾಣಲಿಲ್ಲ. ಆದರೂ ಹುಟ್ಟಿನಿಂದ ಹೃದಯದ ತೊಂದರೆಯಿರುವವರನ್ನು ತಜ್ಞರು ಮೊದಲು ಪರೀಕ್ಷಿಸಲೇಬೇಕು. ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರ ಒಂದೆರಡು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು. ಹಾಗಾಗಿ ಎತ್ತರ, ತೂಕ, ರಕ್ತದೊತ್ತಡಗಳನ್ನು ಆಗಾಗ ಅಳೆಯುವುದು ಚಿಕಿತ್ಸೆಯ ಭಾಗವೇ.

ಅಂಗಡಿಗಳಲ್ಲಿ ಸಿಗುವ ಎನರ್ಜಿ ಡ್ರಿಂಕ್‌ಗಳಿಗೆ ನಮ್ಮ ಆಹಾರ ಪ್ರಾಧಿಕಾರ ಲೀಟರಿಗೆ 300 ಮಿಲಿಗ್ರಾಂ ಕೆಫೀನಿನ ಮಿತಿ ಹಾಕಿದೆ. 250 ಮಿಲಿಲೀಟರಿನ ಡಬ್ಬಿಯೊಂದರಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ, ಅಂದರೆ ಒಂದು ಲೋಟ ಕಾಫಿಯಷ್ಟು. ಆದರೆ ತಣ್ಣಗೆ ಸಿಹಿಯಾಗಿರುವುದರಿಂದ ಮಕ್ಕಳು ಡಬ್ಬಿಯ ಮೇಲೆ ಡಬ್ಬಿ ಕುಡಿಯಬಲ್ಲರು. ಮಕ್ಕಳಿಗೆ ಇದು ತಕ್ಕುದಲ್ಲ ಎಂದು ಆ ಡಬ್ಬಿಯ ಮೇಲೇ ಬರೆದಿರಬೇಕೆಂಬುದು ನಿಯಮ.

ತೀರ್ಮಾನ

ಇಷ್ಟನ್ನೂ ನೋಡಿದ ಮೇಲೆ ಉತ್ತೇಜಕಗಳೆಲ್ಲ ಕೆಟ್ಟವೆಂಬ ಹೆದರಿಕೆಯೂ ಸಲ್ಲದು, ಅವು ಬುದ್ಧಿಯ ಸಿದ್ಧೌಷಧವೆಂಬ ಆಸೆಯೂ ಸಲ್ಲದು. ಭಾರತದಲ್ಲಿ ಮೆಥೈಲ್‌ಫೆನಿಡೇಟ್ 1985ರ ಮಾದಕ ವಸ್ತು ನಿಯಂತ್ರಣ ಕಾಯಿದೆಯ ಪಟ್ಟಿಯಲ್ಲೂ, ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲೂ ಇದೆ. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಮೆಡಿಕಲ್ ಶಾಪಿನವರು ಒಂದನ್ನು ಎರಡು ವರ್ಷ ಕಾಯ್ದಿಡಬೇಕು. ಈ ಬಿಗಿ ಅಗತ್ಯವಾದದ್ದು. ನಿಜವಾಗಿ ಬೇಕಾದ ಮಗುವಿಗೆ ಮದ್ದು ಸಿಗುವುದೂ ಅಷ್ಟೇ ಅಗತ್ಯ.

ಮಗುವಿನ ಗಮನದ ತೊಂದರೆ ಓದನ್ನೂ ಗೆಳೆತನವನ್ನೂ ಕೆಡಿಸುತ್ತಿದ್ದರೆ ತಂದೆತಾಯಿ ನಾಚಿಕೆಪಟ್ಟು ಮುಚ್ಚಿಡದೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಗೆಳೆಯರಿಗೆ ಹಂಚಬಾರದು, ಗೆಳೆಯರದನ್ನು ತೆಗೆದುಕೊಳ್ಳಲೂಬಾರದು. ಚಟಕ್ಕೆ ಸಿಕ್ಕಿಕೊಂಡವರನ್ನು ಬೈಯುವ ಬದಲು ಚಿಕಿತ್ಸೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ವ್ಯಸನ ಚಿಕಿತ್ಸಾ ಕೇಂದ್ರವೂ ಇವೆ. ದೂರದ ಊರುಗಳವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಕರೆ ಉಚಿತ.